ಕನ್ನಡ ಕಲಿತ ಕೈ

ಯಾರ ಕೈಬರಹ ಎದುರಿಗೆ ಬಂದರೂ ನೀಲಮ್ಮ ಮೇಡಂ ಮೊದಲು ಕಾಗದವನ್ನು ತಲೆಕೆಳಗು ಮಾಡಿ ಇಡುತ್ತಿದ್ದರು. ಹೋಟೆಲಿನಲ್ಲಿ ಗೀಚಿಕೊಟ್ಟ ಬಿಲ್ಲಿಗೂ ಅದೇ ಗತಿ. ಕೊಟ್ಟವನು ಲೆಕ್ಕ ತಪ್ಪಿತೇನೋ ಎಂದು ಗಾಬರಿಯಾಗುತ್ತಿದ್ದ. ಇವರು ಅವನು ಎಲ್ಲಿ ಪೆನ್ನು ಎತ್ತಿದ, ಎಲ್ಲಿ ಒತ್ತಿದ ಎಂದು ನೋಡುತ್ತಿದ್ದರು.

"ನೆಟ್ಟಗಿಟ್ರ ಓದಿಬಿಡ್ತೀವಿ. ಓದಾಕ ಹತ್ತಿದ್ವಿ ಅಂದ್ರ ನೋಡೂದು ನಿಂತುಹೋಗ್ತೈತಿ," ಎನ್ನುತ್ತಿದ್ದರು.

ಕೊಪ್ಪಳದ ಕಡೆಯವರು. ಸರ್ಕಾರಿ ಪ್ರಯೋಗಾಲಯದಲ್ಲಿ ದಾಖಲೆ ಪರೀಕ್ಷಕಿಯಾಗಿದ್ದು, ನಿವೃತ್ತಿಯ ನಂತರ ವಿಜಯವಾಡದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಸ್ವಂತ ಕಚೇರಿ ತೆರೆದಿದ್ದರು. ವಿಧಿವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಹಾಸನದಿಂದ ಹೋದ ನನ್ನನ್ನು ಸಹಾಯಕಿಯಾಗಿ ಸೇರಿಸಿಕೊಂಡರು. ನಾನು ಮಾತು ಕಡಿಮೆಯವಳು. ಅದು ಅವರಿಗೆ ಹಿಡಿಸಿತು. ಕೈಬರಹ ನೋಡಿ ಸ್ವಭಾವ ಹೇಳಿ ಎಂದು ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಮಾತ್ರ ಅವರ ದನಿ ಏರುತ್ತಿತ್ತು. "ಜಾತಕ ಹೇಳೋರು ಆಚೆ ಬೀದ್ಯಾಗ ಅದಾರ, ಹೋಗ್ರಿ. ನಾ ಬರೇ ಯಾರು ಬರದಾರ ಅಂತ ನೋಡಾಕಿ. ಅದೂ ಕಂಡ್ರ ಹೇಳ್ತೀನಿ, ಕಾಣದಿದ್ರ ಇಲ್ಲ."

ಕಾಣದಿದ್ದರೆ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂದು ನನಗೆ ತಿಳಿದದ್ದು ವಿಶಾಖಪಟ್ಟಣದ ಹತ್ತಿರದ ಪರವಾಡದ ಪ್ರಕರಣದಲ್ಲಿ.

ಅಲ್ಲಿನ ಒಂದು ಔಷಧ ಕಾರ್ಖಾನೆಯ ಆಡಳಿತಕ್ಕೆ ತೆಲುಗಿನಲ್ಲಿ ಕೈಬರಹದ ದೂರೊಂದು ಬಂದಿತ್ತು. ಹೆಸರಿಲ್ಲ, ಸಹಿಯಿಲ್ಲ. ಒಂದು ವಿಭಾಗದಲ್ಲಿ ಘಾಟಿನ ನಡುವೆ ಹಳೆಯ ಮಾಸ್ಕುಗಳಲ್ಲೇ ಕೆಲಸ ಮಾಡಿಸುತ್ತಾರೆ ಎಂಬುದು ಅದರ ಸಾರ. ಕಂಪನಿ ಮಾಸ್ಕುಗಳ ಗೋಜಿಗೆ ಹೋಗದೆ ಬರೆದವರನ್ನು ಹುಡುಕಿತು. ದಾವಣಗೆರೆಯ ಶೋಭಾ ಎಂಬ ಹುಡುಗಿ ಅಲ್ಲಿನ ಲ್ಯಾಬಿನಲ್ಲಿದ್ದಳು. ಕೆಲಸಕ್ಕೆ ಬಂದ ಮೇಲೆ ತೆಲುಗು ಬರೆಯಲು ಕಲಿತವಳು. ದೂರಿನ ಅಕ್ಷರಗಳು ಕನ್ನಡದಂತೆ ಕಾಣುತ್ತವೆ ಎಂದು ಯಾರೋ ಹೇಳಿದ್ದೇ ಸಾಕಾಯಿತು, ಅವಳನ್ನು ಅಮಾನತು ಮಾಡಿದರು. ಅವಳ ವಿರುದ್ಧ ಬೇರೆ ಏನೂ ಇರಲಿಲ್ಲ. ತಜ್ಞರು 'ಇವಳೇ' ಎಂದರೆ ಕೆಲಸ ಹೋಗುತ್ತದೆ.

ಕಂಪನಿಯ ಮ್ಯಾನೇಜರು ಪರೀಕ್ಷೆಗೆಂದು ನಮಗೆ ದೂರಿನ ಫೋಟೋ ಕಳಿಸಿದರು. ಮೇಡಂ ತೆರೆದೂ ನೋಡಲಿಲ್ಲ. ಫೋಟೋದಲ್ಲಿ ಪೆನ್ನಿನ ಒತ್ತಡ ಕಾಣುವುದಿಲ್ಲ, ಯಾವ ಗೆರೆಯ ಮೇಲೆ ಯಾವುದು ಹಾದಿದೆ ಎಂದು ತಿಳಿಯುವುದಿಲ್ಲ. ಮೂಲ ಕಾಗದವೇ ಬೇಕು ಎಂದರು. ಈ ದೂರಿಗೆ ಮುಂಚೆ ಶೋಭಾ ತನ್ನ ಪಾಡಿಗೆ ತಾನು ತೆಲುಗಿನಲ್ಲಿ ಬರೆದದ್ದೂ ಬೇಕು ಎಂದರು. ನಾವೇ ಹೋದೆವು. ಕಂಪನಿಯ ಕಾರು ಹತ್ತಲಿಲ್ಲ, ಕಂಪನಿಯ ಚಹಾ ಕುಡಿಯಲಿಲ್ಲ.

ಮಾದರಿ ಬರಹಕ್ಕೆ ಕೂರಿಸಿದಾಗ ಶೋಭಾ ಬೆವರುತ್ತಿದ್ದಳು. ದೂರನ್ನು ಅವಳಿಗೆ ತೋರಿಸದೆ, ಅದರಲ್ಲಿದ್ದ ಪದಗಳನ್ನೇ ಬೇರೆ ವಾಕ್ಯಗಳಲ್ಲಿ ಸೇರಿಸಿ ಮೇಡಂ ಹೇಳುತ್ತ ಹೋದರು. ಅವಳು ಒಂದೊಂದಕ್ಷರವನ್ನೂ ರಂಗೋಲಿಯಂತೆ ಬಿಡಿಸುತ್ತಿದ್ದಳು.

"ಚೆಂದ ಬರೀಬ್ಯಾಡವ್ವ. ಇಲ್ಲಿ ಮಾರ್ಕ್ಸ್ ಕೊಡೋರು ಯಾರೂ ಇಲ್ಲ."

"ಹೆಂಗೆ ಬರೆದ್ರೂ ನಂದೇ ಅಂತಾರೆ ಮೇಡಂ, ನಾನೇನ್ಮಾಡ್ಲಿ?"

"ಹಂಗಾರ ಚಿಂತಿ ಬಿಟ್ಟು ಬರಿ."

ಅವಳು ನಕ್ಕುಬಿಟ್ಟಳು. ಮೇಡಂ ನಡುನಡುವೆ ಎಬ್ಬಿಸಿ ಓಡಾಡಿಸಿ, ಮತ್ತೆ ಕೂರಿಸಿ ಬರೆಸಿದರು. ಎಚ್ಚರದಿಂದ ಬರೆಯುವ ಕೈ ದಣಿದ ಮೇಲೆ ತನ್ನ ಹಳೆಯ ಚಾಳಿಗೆ ಮರಳುತ್ತದೆ. ಬೇಕಾದದ್ದು ಆ ಚಾಳಿ.

ಮ್ಯಾನೇಜರು ತಾಳ್ಮೆಗೆಟ್ಟು ದೂರಿನ ಒಂದು ಅಕ್ಷರದ ಮೇಲೆ ಬೆರಳಿಟ್ಟರು. ತೆಲುಗಿನ ತಲೆಕಟ್ಟು ಕೆಳಗಿಳಿದು ಥಟ್ಟನೆ ಮೇಲೇರುವ ಗೀರು, ಮೇಷ್ಟರು ಸರಿ ಎಂದು ಹಾಕುವ ಗುರುತಿನಂತೆ. ನಮ್ಮದು ಅಡ್ಡಗೆರೆ. ದೂರಿನಲ್ಲಿ ಅಲ್ಲಲ್ಲಿ ಅಡ್ಡಗೆರೆ ಇಣುಕಿತ್ತು.

"ಆಮೆದೇ ಕದಾ ಮೇಡಂ? ಅವಳದೇ ತಾನೇ? ನೋಡಿ, ಕನ್ನಡದವರ ಕೈ!"

ಮೇಡಂ ತೆಲುಗಿನಲ್ಲೇ ಸಾವಧಾನವಾಗಿ ಉತ್ತರಿಸಿದರು: "ಹೌದು, ಕನ್ನಡ ಕಲಿತ ಕೈ. ನನ್ನದೂ ಕನ್ನಡ ಕಲಿತ ಕೈ, ನನ್ನ ಈ ಸಹಾಯಕಿಯದೂ. ನಮ್ಮಿಬ್ಬರನ್ನೂ ಸಸ್ಪೆಂಡ್ ಮಾಡಿಬಿಡಿ."

ವಿಜಯವಾಡಕ್ಕೆ ಮರಳಿ, ದೀಪವನ್ನು ಕಾಗದದ ಪಕ್ಕದಿಂದ ಓರೆಯಾಗಿ ಹಾಯಿಸಿ ನಾವಿಬ್ಬರೂ ಬೇರೆಬೇರೆಯಾಗಿ ನೋಡತೊಡಗಿದೆವು. ದೂರಿನಲ್ಲಿ 'ಣ'ದ ನಡುವೆ ಪೆನ್ನು ಎದ್ದಿದೆ. ಶೋಭಾಳದು ಒಂದೇ ಎಳೆತ. ದೂರಿನ ಸಾಲು ಬಲಕ್ಕೆ ಏರುತ್ತದೆ, ಇವಳದು ಏರುವುದಿಲ್ಲ. ನಾನು ಉತ್ಸಾಹದಿಂದ ಬರೆದಿಟ್ಟುಕೊಳ್ಳುತ್ತಿದ್ದೆ. ಮೇಡಂ ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ.

"ಬರೇ ಭೇದ ಹುಡುಕಾಕತ್ತೀಯಲ್ಲ, ಹೋಲಿಕಿ ಎಲ್ಲಿ? ಆಕಿ ಉಳೀಲಿ ಅಂತ ನಿನ್ನ ಮನಸ್ಸಿನ್ಯಾಗ ಐತಿ. ಮ್ಯಾನೇಜರಂಗ ನಿಂದೂ ಅರ್ಧ ಕಣ್ಣು ಮುಚ್ಚೈತಿ."

ಕಿವಿ ಬಿಸಿಯಾಯಿತು. ಹೊಸದಾಗಿ ಶುರುಮಾಡಿದೆ. ಹೋಲಿಕೆಗಳೂ ಇದ್ದವು: ಪದಗಳ ನಡುವಿನ ಅಂತರ, 'ರ' ವಾಲುವ ರೀತಿ. ಜೊತೆಗೆ ದೂರನ್ನು ಬಹಳ ನಿಧಾನವಾಗಿ, ಕೈ ತಡೆತಡೆದು ಬರೆಯಲಾಗಿತ್ತು. ಅಂಥ ಬರಹದಲ್ಲಿ ಬರೆದವರ ಸಹಜ ಚಾಳಿ ಅಷ್ಟಾಗಿ ಉಳಿಯುವುದಿಲ್ಲ.

ಅದೇ ವಾರ ಮೇಡಂ ಅವರ ಬಲಗಣ್ಣಿನ ಒಳಗೆ ರಕ್ತ ಒಸರಿತು. ಸಕ್ಕರೆ ಕಾಯಿಲೆ ಹಳೆಯದು, ಎಡಗಣ್ಣು ಮೊದಲೇ ಮಂದವಾಗಿತ್ತು. ವಿಜಯವಾಡದ ವೈದ್ಯರು ವಿಶಾಖಪಟ್ಟಣದ ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ನಾನು ಪರೀಕ್ಷೆ ಮುಗಿಸಿ ವರದಿ ಟೈಪು ಮಾಡಿ, ಕಂಪನಿ ಇಟ್ಟಿದ್ದ ಶೋಭಾಳ ವಿಚಾರಣೆಯ ಹಿಂದಿನ ಸಂಜೆ ಆಸ್ಪತ್ರೆಯಲ್ಲಿ ಅವರ ಮುಂದೆ ಹೋಗಿ ನಿಂತೆ. ಕಣ್ಣಿಗೆ ಪಟ್ಟಿ ಕಟ್ಟಿತ್ತು. ಅವರನ್ನು ಕೊಪ್ಪಳಕ್ಕೆ ಕರೆದೊಯ್ಯಲು ತಂಗಿಯ ಮಗಳು ಬಟ್ಟೆ ಮಡಿಸುತ್ತಿದ್ದಳು. ಕಚೇರಿಗೆ ಇನ್ನು ಬರುವುದಿಲ್ಲ ಎಂದು ಮೇಡಂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಸಹಿ ಮಾಡ್ತೀರಾ ಮೇಡಂ?"

"ಕಾಣದ ಕಣ್ಣಿಟ್ಕೊಂಡು ಸಹಿ ಹಾಕ್ಲಾ? ನಲವತ್ತು ವರ್ಷ ಅಂಥ ಸಹಿಗಳನ್ನ ಹಿಡದಾಕಿ ನಾನು."

"ನೀವು ನೋಡಿದಷ್ಟರಲ್ಲಿ ನಿಮಗೇನು ಅನ್ನಿಸಿತ್ತು? ಅದನ್ನಾದರೂ ಹೇಳಿ."

"ನನಗನ್ನಿಸಿದ್ದು ಕಟ್ಕೊಂಡು ನಿನಗೇನಾಗ್ಬೇಕು? ನಾಳೆ ಅವರ ಮುಂದ ಕೂತು ಉತ್ತರ ಕೊಡಾಕಿ ನೀನು. ಮೇಡಂ ಹಿಂಗಂದ್ರು ಅಂತ ಒಂದ್ಸಲ ಅಂದ್ರ, ಅಲ್ಲಿಗೆ ನೀ ಎದ್ದು ಬರಬೌದು." ಆಮೇಲೆ ತಡವುತ್ತ ನನ್ನ ಮಣಿಕಟ್ಟು ಹಿಡಿದುಕೊಂಡರು. "ಊಟ ಮಾಡಿ ಮಲಗು. ಹೋಗು."

ಅದೇ ಕೊನೆಯ ಭೇಟಿ. ಊರಿಗೆ ಹೋದ ಮೇಲೆ ಅವರು ಹೆಚ್ಚು ಕಾಲ ಉಳಿಯಲಿಲ್ಲ. ಅವರು ಏನು ಕಂಡುಕೊಂಡಿದ್ದರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ವರದಿಗೆ ನನ್ನ ಸಹಿ ಹಾಕಿ, ಬಸ್ಸು ಹಿಡಿದು ಪರವಾಡಕ್ಕೆ ಹೋದೆ. ಶೋಭಾ ಬಾಗಿಲ ಹೊರಗೆ ಬೆಂಚಿನ ಮೇಲಿದ್ದಳು.

"ಅಕ್ಕಾ, ನಾನು ಬರೆದಿಲ್ಲ ಅಂತ ಹಾಕಿದೀರಲ್ಲ?"

"ಇಲ್ಲ. ನೀನೇ ಬರೆದದ್ದು ಅನ್ನೋಕೆ ಆಧಾರ ಸಾಲದು ಅಂತ ಬರೆದಿದ್ದೀನಿ."

"ಅಷ್ಟೇನಾ?"

"ಅಷ್ಟೇ."

ಒಳಗೆ ಮ್ಯಾನೇಜರು ಕೊನೆಯ ಪುಟವನ್ನು ಎರಡು ಸಲ ಓದಿದರು. 'ಆಧಾರ ಸಾಲದು' ಎನ್ನುವ ಕಡೆ 'ಬರೆದಿರುವ ಸಂಭವವಿದೆ' ಎಂದು ತಿದ್ದಿಕೊಡಿ, ದೊಡ್ಡ ಮೇಡಂ ಇದ್ದಿದ್ದರೆ ಹಾಗೇ ಬರೆಯುತ್ತಿದ್ದರು ಎಂದರು. ನಾನು ಆಗುವುದಿಲ್ಲ ಎಂದೆ. ಚಹಾ ತರಿಸಿದರು, ಮುಟ್ಟಲಿಲ್ಲ. ಮುಂದೆ ಯಾರೂ ವರದಿಯನ್ನು ತಿದ್ದಬಾರದೆಂದು ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಕೇಳಿದೆ. ಆಮೇಲೆ ಹಾಕಿಸೋಣ, ಹೋಗಿಬನ್ನಿ ಎಂದರು. ನಾನು ಅವರ ಎದುರಿನ ಕುರ್ಚಿಯಲ್ಲೇ, ಮುದ್ರೆ ಬೀಳುವವರೆಗೂ ಕೂತಿದ್ದೆ.