ಅಮೀನಬಿ ಆರಿಸಿದ ಹಲ್ಲುಗಳು

ಬೆಟಗೇರಿಯ ಅಮೀನಬಿ ಮೂವತ್ತು ವರ್ಷ ಕಿರಾಣಿ ಅಂಗಡಿಗಳ ಅಕ್ಕಿ, ಹೆಸರು, ತೊಗರಿಯಲ್ಲಿ ಕಲ್ಲು ಆರಿಸಿದವಳು. ತನ್ನದು ಹದ್ದಿನ ಕಣ್ಣು ಎಂದು ಓಣಿ ತುಂಬ ಹೇಳಿಕೊಂಡು ತಿರುಗುತ್ತಿದ್ದಳು. ಬೇರೆ ಯಾರೂ ಹೇಳದಿದ್ದರೆ ತಾನೇ ಹೇಳಿಕೊಳ್ಳಬೇಕಲ್ಲ!

ಗದಗ ಜಿಲ್ಲೆಯಾಗಿ ಏಳು ವರ್ಷವಾಗಿತ್ತು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಅಂಕಿತಾ ಎರಡು ಚೀಲ ನುಚ್ಚುಗಲ್ಲು ತಂದು ಅವಳ ಮುಂದಿಟ್ಟಳು. ಗೋದಾವರಿ ಕಣಿವೆಯ ಕೋಟಾ ಶಿಲಾಸ್ತರದ ಕಲ್ಲುಮಣ್ಣನ್ನು ನೆನೆಸಿ, ಜರಡಿ ಹಿಡಿದು ಉಳಿದದ್ದು ಅದು. ಡೈನೋಸಾರ್‌ಗಳ ಕಾಲದಲ್ಲೇ ಬದುಕಿದ್ದ, ಮರಿಗೆ ಹಾಲೂಡಿಸುವ ಮೊದಮೊದಲ ಪ್ರಾಣಿಗಳ ಹಲ್ಲು ಅದರಲ್ಲಿ ಇರಬಹುದಿತ್ತು.

“ಎಷ್ಟ ದೊಡ್ಡ ಹಲ್ರಿ ಅಕ್ಕಾರ?”

“ಸಾಸಿವಿಕಾಳಿನಷ್ಟ.”

ಅಂಕಿತಾ ಕೊಟ್ಟ ಭೂತಗನ್ನಡಿಯನ್ನು ಅಮೀನಬಿ ಗೂಡಿನಲ್ಲಿಟ್ಟಳು. ಅದೇನಿದ್ದರೂ ಮುದುಕಿಯರಿಗೆ. ಅವಳಿಗಿನ್ನೂ ಐವತ್ತಾರು.

ಮೂರು ದಿನ ಬಿಟ್ಟು ಅಂಕಿತಾ ಬಂದಾಗ, ಒಂದು ಚೀಲ ಮುಗಿಸಿದ್ದ ಅಮೀನಬಿ ಮಿರಿಮಿರಿ ಮಿಂಚುವ ಚೂರುಗಳ ಬಟ್ಟಲನ್ನು ಠೀವಿಯಿಂದ ಮುಂದೆ ನೂಕಿದಳು.

“ಇವು ಮೀನಿನ ಹುರುಪಿ. ಸಣ್ಣ ಕರೀ ಕಾಳ ಏನೂ ಸಿಗಲಿಲ್ಲೇನು?”

“ಸಿಕ್ಕಿದ್ವು. ಇಲಿ ಹಿಕ್ಕಿ ಅಂತ ಚೆಲ್ಲಿದೆ.”

“ಎಲ್ಲಿ?”

“ಕೋಳಿ ಮುಂದ.”

ಅಂಕಿತಾಳ ಮುಖ ನೋಡಿದ್ದೇ ಹಲ್ಲು ಅವೇ ಎಂದು ಅಮೀನಬಿಗೆ ಹೊಳೆಯಿತು. ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿ, ಭೂತಗನ್ನಡಿಯನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಸುಡುಬಿಸಿಲಲ್ಲಿ ಹಿತ್ತಲ ಮಣ್ಣನ್ನೆಲ್ಲ ಜರಡಿ ಹಿಡಿದಳು.

ಸೊಸೆ ಶಾಹಿಸ್ತಾ ಬಾಗಿಲಲ್ಲಿ ನಿಂತು ನಕ್ಕಳು. “ಅತ್ತೀ, ಹದ್ದಿನ ಕಣ್ಣಿಗೇನಾತು?”

“ಹದ್ದಲ್ಲವ್ವಾ, ಗೂಗಿ. ಅದೂ ಹಗಲಹೊತ್ತಿನ ಗೂಗಿ!”

ಸಂಜೆಯ ಹೊತ್ತಿಗೆ ಹನ್ನೊಂದು ಕರಿಕಾಳು ಸಿಕ್ಕವು. ಮರುದಿನ ಅಮೀನಬಿಯನ್ನೂ ಕಾಲೇಜಿಗೆ ಕರೆದೊಯ್ದು, ಸೂಕ್ಷ್ಮದರ್ಶಕದಲ್ಲಿ ಅಂಕಿತಾ ಒಂದೊಂದನ್ನೇ ನೋಡುತ್ತ ಹೋದಳು. ಆರು ಬರೀ ಕಲ್ಲು. ನಾಲ್ಕು ನಿಜವಾಗಿಯೂ ಹಿಕ್ಕೆ.

“ಇಲೀದಾ?”

“ಅಲ್ಲ, ಗ್ವಾಡಿ ಮ್ಯಾಲಿನ ಹಲ್ಲೀದು.”

“ಹಲ್ಲ ಹುಡುಕು ಅಂದ್ರ ಹಲ್ಲೀದ ಹುಡುಕಿ ಕೊಟ್ಟೆ ನೋಡ್ರಿ,” ಎಂದು ಅಮೀನಬಿ ಹಣೆ ಚಚ್ಚಿಕೊಂಡಳು.

ಹನ್ನೊಂದನೆಯದನ್ನು ಅಂಕಿತಾ ಎರಡೆರಡು ಸಲ ತಿರುಗಿಸಿ ನೋಡಿದಳು. ಮೆಲ್ಲಗೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಅಮೀನಬಿ ಬಗ್ಗಿ ನೋಡಿದಳು. ಕಪ್ಪಗೆ, ನುಣ್ಣಗೆ, ಸಾಲಾಗಿ ಮೂರು ಶಿಖರ.

“ಯವ್ವಾ, ಇಲಿಯಷ್ಟೂ ಇಲ್ಲದ ಜೀವದ ಬಾಯಾಗ ಕಪ್ಪತಗುಡ್ಡ!” ಎಂದವಳ ಕಣ್ಣು ಯಾಕೋ ಒದ್ದೆಯಾಯಿತು.

ಕಾಳುಕಾಳನ್ನೂ ಭೂತಗನ್ನಡಿಯಲ್ಲಿ ನೋಡಿ ಆರಿಸಿದ್ದರಿಂದ ಎರಡನೆಯ ಚೀಲಕ್ಕೆ ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಇನ್ನೂ ನಾಲ್ಕು ಹಲ್ಲು ಸಿಕ್ಕವು. ಅಂಕಿತಾ ಬರೆದ ವರದಿಯ ಕೊನೆಯಲ್ಲಿ ನೆರವಾದವರ ಹೆಸರುಗಳಿದ್ದವು. ಶಾಹಿಸ್ತಾಳಿಂದ ಅಮೀನಬಿ ಅದನ್ನು ಮೂರು ಸಲ ಓದಿಸಿದಳು.

“ಅತ್ತೀ, ಹೆಸರು ತಪ್ಪಾಗೇತಿ. ಅಮೀನಾಬಾಯಿ ಅಂತ ಹಾಕ್ಯಾರ.”

“ಇರ್ಲಿ ಬಿಡು. ಆ ಪ್ರಾಣಿ ಹೆಸರು ನನಗರ ಎಲ್ಲಿ ಸರಿ ಹೇಳಾಕ ಬರತೈತಿ?”