ಓಬೇದುಲ್ಲಾ ಸಾಬರ ಕಂಬಳಿ ಕೋಟು

ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಶ್ರೀನಿವಾಸಪುರದ ಬಸ್ಸು ಇದ್ದಿಲ ಗ್ಯಾಸಿನಲ್ಲಿ ಕೋಲಾರಕ್ಕೆ ಓಡುತ್ತಿದ್ದ ಕಾಲದಲ್ಲಿ, ಅದರ ಡ್ರೈವರ್ ಓಬೇದುಲ್ಲಾ ಸಾಬರು ಮಾವು ಹಣ್ಣಾಗುವ ಬಿಸಿಲಲ್ಲೂ ಕಂಬಳಿ ಕೋಟು ಬಿಚ್ಚಿದವರಲ್ಲ. ಇದ್ದಿಲು ತುಂಬಲು ಹಿಂಬದಿಯ ಒಲೆಯ ಮುಚ್ಚಳ ತೆಗೆದರೆ ಉರಿ ಎದೆಗೇ ನುಗ್ಗುತ್ತಿತ್ತು. ಸಾಬರು ಸುಟ್ಟ ಮೀಸೆ ಸವರಿಕೊಂಡು, ಕೋಟು ಕೊಡವಿ, “ಮಿಲ್ ಬಟ್ಟೆ ಭಗ್ ಅಂತ ಹತ್ಕೊಂಬಿಡ್ತದೆ, ಕಂಬಳಿ ಹಂಗಲ್ಲ ಕಣಪ್ಪಾ” ಎನ್ನುತ್ತಿದ್ದರು. ಆ ಕೋಟಿನ ವಾಸನೆಗೆ ಮುಂದಿನ ಸೀಟು ಸದಾ ಖಾಲಿ. ಬಸ್ಸು ನಿಂತಲ್ಲೆಲ್ಲ ಕುರಿಗಳು ಮಾತ್ರ ನೆಂಟರು ಬಂದರೆಂದು ಓಡಿಬರುತ್ತಿದ್ದವು. “ಮರ್ಯಾದೆಯಾಗಿ ಖಾಕಿ ಹಾಕ್ರೀ” ಎಂದು ಮಾಲೀಕ ಚನ್ನರಾಯಪ್ಪ ಗದರಿದಾಗಲೆಲ್ಲ, ಸಾಬರು ಜೇಬಿನಿಂದ ಸುಟ್ಟು ಕಪ್ಪಾದ ಹಿತ್ತಾಳೆ ಗುಂಡಿಯೊಂದನ್ನು ತೆಗೆದು ಅವನ ಅಂಗೈಯಲ್ಲಿಡುತ್ತಿದ್ದರು: “ಇದೇ ಬಸ್ಸಲ್ಲಿ ನನ್ನ ತಮ್ಮ ಲಿಯಾಖತ್ ನೀವು ಕೊಟ್ಟ ಖಾಕಿ ಹಾಕ್ಕೊಂಡಿದ್ದ. ಉಳಿದಿದ್ದು ಇದೊಂದೇ. ಇದಕ್ಕೊಂದು ಅಂಗಿ ಹೊಲಿಸಿಕೊಡಿ ಸಾಹುಕಾರ್ರೇ, ಹಾಕ್ಕೋತೀನಿ.”