ಮುಖ ನೋಡದೆ ಕೊಟ್ಟ ಬದಲಿ

ಸುಂಕದಕಟ್ಟೆಯ ಕೆಂಚಪ್ಪನವರಿಗೆ ಐವತ್ತೇಳು. ತಂದೆಯ ರಾಗಿ ಹೊಲವೆಲ್ಲ ಸೈಟುಗಳಾದ ಮೇಲೆ ಅವರು ಕರಾವಳಿಯ ಒಂದು ಖಾಸಗಿ ಬಂದರಿನಲ್ಲಿ ಗುಮಾಸ್ತರಾಗಿ ಸೇರಿದರು. ಹಡಗಿನ ಸರಕು ಇಳಿಸುವ ಕಾರ್ಮಿಕರನ್ನು ಪಾಳಿಗೆ ಹಂಚುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಗೇಟಿನ ಪಕ್ಕ ನಿಂತು ಹೆಸರು ಕೂಗಿದರು. ಒಬ್ಬನ ಪಾಳಿಗೆ ಇನ್ನೊಬ್ಬ ಬದಲಿ ಹೋಗಬೇಕೆಂದರೆ ಅರ್ಜಿ ಬೇಕಿರಲಿಲ್ಲ. ಕೆಂಚಪ್ಪ ಹೂಂ ಎಂದರೆ ಸಾಕು, ಅವನದೇ ಪಾಸಿನಲ್ಲಿ ಇವನು ಒಳಗೆ ಹೋಗುತ್ತಿದ್ದ. ಆದರೆ ಹೂಂ ಎನ್ನುವ ಮೊದಲು ಬಂದವನ ಮುಖವನ್ನು ಅವರು ಒಮ್ಮೆ ನೋಡುತ್ತಿದ್ದರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದರೆ ಮನೆಗೆ ಅಟ್ಟುತ್ತಿದ್ದರು. ಈ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳಿದವರಲ್ಲ.

ಮೂರು ವರ್ಷದ ಹಿಂದೆ ಕಂಪನಿ ಪಾಳಿ ಹಂಚುವ ಕೆಲಸವನ್ನು, ಜೊತೆಗೆ ಕೆಂಚಪ್ಪನವರನ್ನೂ, ಬೆಂಗಳೂರಿನ ರಾಜಾಜಿನಗರದ ಕಚೇರಿಗೆ ತಂದಿತು. ಪಟ್ಟಿಯನ್ನು ಕಂಪ್ಯೂಟರ್ ಮಾಡುತ್ತಿತ್ತು, ಕೆಂಚಪ್ಪ ಒಪ್ಪಿಗೆ ಕೊಡುತ್ತಿದ್ದರು. ಬದಲಿಯನ್ನೂ ಅದರಲ್ಲೇ ದಾಖಲಿಸಬೇಕೆಂಬ ನಿಯಮ ಬಂತು. ಕಾರ್ಮಿಕರು ಅವರಿಗೆ ಫೋನ್ ಮಾಡುವುದನ್ನು ಬಿಡಲಿಲ್ಲ, ಅವರೂ ಹೂಂ ಎನ್ನುವುದನ್ನು ಬಿಡಲಿಲ್ಲ. ಹಳೆಯ ರೂಢಿಯಲ್ಲಿ ಅರ್ಧ ಉಳಿಯಿತು; ಮುಖ ನೋಡುವ ಅರ್ಧ ಬಿದ್ದುಹೋಯಿತು.

ಕಳೆದ ಜೂನ್‌ನಲ್ಲಿ ಗದಗ ಕಡೆಯ ಫಕೀರೇಶ ಬೆಳಿಗ್ಗೆ ಫೋನ್ ಮಾಡಿ, ಜೊತೆಗಾರ ಮುತ್ತುರಾಜನ ಬದಲಿಗೆ ತಾನು ಹೋಗಲೇ ಎಂದು ಕೇಳಿದ. ಕೆಂಚಪ್ಪ ಬಸ್ಸಿನಲ್ಲಿ ನಿಂತಿದ್ದರು. ಹೋಗಪ್ಪ ಎಂದರು. ಕಚೇರಿಗೆ ಬಂದ ಮೇಲೂ ದಾಖಲಿಸಲಿಲ್ಲ. ಫಕೀರೇಶ ಆಗಷ್ಟೇ ರಾತ್ರಿ ಪಾಳಿ ಮುಗಿಸಿದ್ದ. ಹನ್ನೊಂದು ಗಂಟೆಗೆ, ಕಂಟೇನರ್ ಬಿಗಿಯುವ ಕಬ್ಬಿಣದ ಸರಳು ಅವನ ಕೈಯಿಂದ ಜಾರಿ ಪಾದದ ಮೇಲೆ ಬಿದ್ದು ಮೂಳೆ ಮುರಿಯಿತು.

ಕಂಪ್ಯೂಟರ್ ಪ್ರಕಾರ ಆ ಹಗಲು ಅವನಿಗೆ ವಿಶ್ರಾಂತಿ. ಬೇರೆಯವನ ಪಾಸಿನಲ್ಲಿ ಒಳಗೆ ನುಗ್ಗಿದನೆಂದು ಅವನನ್ನು ಕೆಲಸದಿಂದ ತೆಗೆಯಲು ಕಾಗದ ಸಿದ್ಧವಾಯಿತು. ಕೆಂಚಪ್ಪ ಸುಮ್ಮನಿದ್ದರೆ ಅವರ ಹೆಸರು ಎಲ್ಲೂ ಬರುತ್ತಿರಲಿಲ್ಲ.

ಹೆಂಡತಿ ವಿಮಲಮ್ಮ ಅದನ್ನೇ ಹೇಳಿದರು. "ರಿಟೈರಾಗಕ್ಕೆ ಇನ್ನು ಹದಿನಾಲ್ಕು ತಿಂಗಳು. ಅಷ್ಟು ದಿನ ಬಾಯಿ ಮುಚ್ಕೊಂಡಿರಕ್ಕೆ ಆಗಲ್ವೇನ್ರೀ? ಬಂದರಿನ ಜನಕ್ಕೆಲ್ಲ ನೀವೇ ತಂದೆತಾಯಿ ನೋಡಿ."

ಕೆಂಚಪ್ಪ ಕಚೇರಿಗೆ ಹೋಗಿ, ವಿಚಾರಣೆ ನಡೆಸುತ್ತಿದ್ದ ಮ್ಯಾನೇಜರ್ ಶ್ಯಾಮಸುಂದರ ಅವರೆದುರು ಕುಳಿತು, ಅನುಮತಿ ಕೊಟ್ಟವನು ತಾನೇ ಎಂದರು. ಬರಹದಲ್ಲಿ ಏನಾದರೂ ಇದೆಯೇ ಎಂದು ಮ್ಯಾನೇಜರ್ ಕೇಳಿದರು.

"ಇಲ್ಲ ಸಾರ್. ಅಲ್ಲಿ ನನ್ ಮಾತೇ ಪರ್ಮಿಷನ್ನು."

"ರಾತ್ರಿ ಡ್ಯೂಟಿ ಮಾಡಿದ್ದ ಅಂತ ಗೊತ್ತಿತ್ತಾ?"

"ಗೊತ್ತಿರ್ಬೇಕಿತ್ತು. ಆ ಪಟ್ಟಿಗೆ ಒಪ್ಪಿಗೆ ಕೊಟ್ಟೋನೂ ನಾನೇ. ಮಲಗಿದ್ಯೇನಪ್ಪ ಅಂತ ಒಂದ್ ಮಾತು ಕೇಳ್ಬೋದಿತ್ತು. ಕೇಳ್ಲಿಲ್ಲ."

ಈ ಕೊನೆಯ ಮಾತು ಬರೆಯುವುದು ಬೇಡ, ನಿಮಗೇ ತೊಂದರೆ ಎಂದು ಶ್ಯಾಮಸುಂದರ ಪೆನ್ನು ಕೆಳಗಿಟ್ಟರು. ಬರೆಯಿರಿ ಎಂದರು ಕೆಂಚಪ್ಪ.

ಫಕೀರೇಶ ಪಾಳಿಯಲ್ಲಿದ್ದಾಗಲೇ ಗಾಯಗೊಂಡನೆಂದು ದಾಖಲಾಯಿತು. ಅವನ ಕೆಲಸ ಉಳಿಯಿತು. ಕೆಂಚಪ್ಪನವರದು ಆ ತಿಂಗಳ ಕೊನೆಗೆ ಹೋಯಿತು. ಬದಲಿ ಬೇಕಾದವರು ಮೂರು ದಿನ ಮೊದಲೇ ಅರ್ಜಿ ಹಾಕಬೇಕೆಂಬ ಆದೇಶವೂ ಹೊರಟಿತು.

ಆಗಸ್ಟಿನಲ್ಲಿ ಫಕೀರೇಶನ ಫೋನ್ ಬಂತು. "ಬದ್ಲಿ ನಿಂತ್ಹೋತ್ರೀ ಸಾಹೇಬ್ರ. ಮಂದಿ ನಿಮಗೂ ಬೈಯಾಕತ್ತೈತಿ, ನನಗೂ ಬೈಯಾಕತ್ತೈತಿ."

"ಬೈಲಿ ಬಿಡಪ್ಪ. ಕಾಲು ಊರ್ತೀಯಾ?"

"ಇನ್ನಾ ಇಲ್ರೀ."